12 ಬಟನ್ ಮೌಸ್ ತಗೊಳ್ಳುವ ಮೊದಲು ಹೆಬ್ಬೆರಳಿನ ಅಳತೆ ನೋಡಿ

ಈಗ ತಾನೇ ಥ್ರೆಡ್ಡಿಗೆ ಬಂದವರಿಗೆ ಪ್ರಶ್ನೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಪ್ರಶ್ನೆ ಕೇಳಿದವರು ಆಡುವುದು ಫೈನಲ್ ಫ್ಯಾಂಟಸಿ 14 ಅನ್ನುವ ಆನ್‌ಲೈನ್ ಆಟ, ಪಾತ್ರ ವೈಟ್ ಮೇಜ್, ಅಂದರೆ ಹೀಲರ್, ಜೊತೆಯವರ ಪ್ರಾಣ ಉಳಿಸುವವರು. ಕೈಯಲ್ಲಿರುವುದು ಲ್ಯಾಪ್‌ಟಾಪ್ ಜೊತೆ ಬಂದ ಮಾಮೂಲಿ ಮೌಸ್. ಕೈ ಚಿಕ್ಕದು, ಬಜೆಟ್ 4 ಸಾವಿರ, ಮನೆ ಬೆಂಗಳೂರಿನ ವಿಜಯನಗರ. ರಾತ್ರಿ ಪಕ್ಕದ ರೂಮಿನಲ್ಲಿ ಅಪ್ಪ ಅಮ್ಮ ಮಲಗಿರುತ್ತಾರೆ, ಹಾಗಾಗಿ ಸದ್ದು ಕಮ್ಮಿ ಇರಬೇಕು. ಪಕ್ಕದಲ್ಲಿ 12 ಬಟನ್ ಇರುವ ಮೌಸ್ ತಗೊಳ್ಳಲಾ ಬೇಡವಾ ಅಂತ ಕೇಳಿದ್ದಾರೆ. ಮೇಲೆ ಇಬ್ಬರು "ಡಿಪಿಐ ಜಾಸ್ತಿ ಇರೋದು ನೋಡಿ, ಆನ್‌ಲೈನ್ ಆರ್ಡರ್ ಮಾಡಿಬಿಡಿ" ಅಂದಿದ್ದಾರೆ. ನನ್ನ ಉತ್ತರ: ತಗೊಳ್ಳಿ, ಆದರೆ ಒಮ್ಮೆ ಕೈಯಲ್ಲಿ ಹಿಡಿದು ನೋಡದೆ ಬೇಡ.

ಡಿಪಿಐ, ಅಂದರೆ ಮೌಸ್ ಸ್ವಲ್ಪ ಸರಿದರೆ ಪಾಯಿಂಟರ್ ಎಷ್ಟು ಓಡುತ್ತದೆ ಅನ್ನುವ ಲೆಕ್ಕ, ಅದನ್ನು ಬೇಗ ಮುಗಿಸೋಣ. ಗುರಿ ಇಟ್ಟು ಹೊಡೆಯುವ ಆಟದವರೇ ಸಾಮಾನ್ಯವಾಗಿ 800, 1600ರ ಆಸುಪಾಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಡಬ್ಬದ ಮೇಲಿನ 25 ಸಾವಿರ ಡಬ್ಬ ಮಾರುವುದಕ್ಕೆ. ಪೋಲಿಂಗ್ ರೇಟ್, ಅಂದರೆ ಮೌಸ್ ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರಿಗೆ ಸುದ್ದಿ ಕಳಿಸುತ್ತದೆ ಅನ್ನುವುದು, ಅದರ ಕಥೆಯೂ ಅಷ್ಟೆ. ನೀವು ಒಂದು ಸ್ಪೆಲ್ (ಮಂತ್ರ) ಒತ್ತಿದರೆ ಮುಂದಿನದಕ್ಕೆ ಮಾಮೂಲಿ 2.5 ಸೆಕೆಂಡ್ ಕಾಯಬೇಕು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಅದು 1.5. ಸರ್ವರ್ ನೋಡಿದರೆ ಜಪಾನಿನಲ್ಲೋ ಆಸ್ಟ್ರೇಲಿಯಾದಲ್ಲೋ ಇದೆ. ಇಷ್ಟರ ನಡುವೆ ಮೌಸ್ ಉಳಿಸಿಕೊಡುವ ಒಂದು ಮಿಲಿಸೆಕೆಂಡ್ ಯಾರ ಲೆಕ್ಕಕ್ಕೆ?

ಬಟನ್ ಯಾಕೆ 12 ಅನ್ನುವುದು ಮಾತ್ರ ಅರ್ಥ ಆಗಬೇಕು. ನಿಮ್ಮ ಆಟದಲ್ಲಿ ಒಂದೊಂದು ಹಾಟ್‌ಬಾರ್‌ನಲ್ಲಿ, ಅಂದರೆ ಪರದೆ ಮೇಲೆ ಸ್ಪೆಲ್ ಜೋಡಿಸಿಡುವ ಪಟ್ಟಿಯಲ್ಲಿ, 12 ಜಾಗ. ಕೀಬೋರ್ಡ್ ಮೇಲಿನ ಸಾಲಿನಲ್ಲಿ 1ರಿಂದ 0, ಆಮೇಲೆ ಮೈನಸ್, ಈಕ್ವಲ್, ಅದೂ 12. ಎಡಗೈ ಓಡುವ ಕೀಲಿಗಳಾದ ಡಬ್ಲ್ಯು-ಎ-ಎಸ್-ಡಿ ಮೇಲೆ ಇರುವಾಗ 1ರಿಂದ 4 ಸಲೀಸಾಗಿ ಸಿಗುತ್ತದೆ. 5 ಕಷ್ಟ. 7, 8 ಒತ್ತಬೇಕು ಅಂದರೆ ಓಡುವುದನ್ನು ನಿಲ್ಲಿಸಬೇಕು. ಬಾಸ್ ನೆಲಕ್ಕೆ ಕಿತ್ತಳೆ ಬಣ್ಣದ ವೃತ್ತ ಹಾಕಿದಾಗ ನಿಂತರೆ ಗೊತ್ತಲ್ಲ. ಆ ಇಡೀ ಸಾಲನ್ನು ಬಲಗೈ ಹೆಬ್ಬೆರಳ ಕೆಳಗೆ ತಂದಿಟ್ಟಿದ್ದೇ ಈ ಮೌಸ್. ರೇಜರ್‌ನವರು 2009ರಲ್ಲಿ ನಾಗಾ ಅಂತ ತಂದರು, 2012ರಲ್ಲಿ ಲಾಜಿಟೆಕ್ ಜಿ600 ಬಂತು, ಕೋರ್ಸೇರ್‌ನ ಸಿಮಿಟಾರ್ ಆಮೇಲೆ. ಎಲ್ಲದರಲ್ಲೂ ಎಡ ಪಕ್ಕದಲ್ಲಿ 12 ಗುಂಡಿ.

ಹಾಗಂತ ಎಲ್ಲ ಆಟಕ್ಕೂ ಇದು ಬೇಕಿಲ್ಲ. ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನಲ್ಲಿ ಒಂದು ಬಾರ್‌ಗೆ ಐದು ಸ್ಕಿಲ್, ಒಂದು ಅಲ್ಟಿಮೇಟ್. ಗಿಲ್ಡ್ ವಾರ್ಸ್ 2ರಲ್ಲಿ ಹತ್ತು, ಅದರಲ್ಲಿ ಪದೇ ಪದೇ ಒತ್ತುವುದು ಇನ್ನೂ ಕಮ್ಮಿ. ಲಾಸ್ಟ್ ಆರ್ಕ್‌ನಲ್ಲಿ ಮಾಮೂಲಿಯಾಗಿ ಓಡುವುದು ಮೌಸ್ ಕ್ಲಿಕ್ಕಿನಿಂದ, ಆಗ ಎಡಗೈ ಪೂರ್ತಿ ಬಿಡುವಾಗಿರುತ್ತದೆ. ಇವನ್ನು ಆಡುವವರಿಗೆ ಪಕ್ಕದಲ್ಲಿ ಎರಡು ಮೂರು ಬಟನ್ ಇದ್ದರೆ ಧಾರಾಳ ಸಾಕು, ಲಾಜಿಟೆಕ್ ಜಿ502 ಥರದ್ದು ತಗೊಂಡು ಸುಮ್ನೆ ಇರಬಹುದು. ನಿಮ್ಮ ಆಟ ಹಾಗಲ್ಲ. ಲೆವೆಲ್ ಏರಿದ ವೈಟ್ ಮೇಜ್‌ಗೆ ಎರಡು ಬಾರ್ ತುಂಬಿ ಮೂರನೆಯದಕ್ಕೆ ಕೈ ಹಾಕಬೇಕಾಗುತ್ತದೆ.

ಅದರಲ್ಲೂ ಹೀಲರ್‌ಗೆ ಈ ಮೌಸ್ ಕೊಡುವ ಅನುಕೂಲ ಬೇರೆ ಯಾರಿಗೂ ಇಲ್ಲ. ಮ್ಯಾಕ್ರೋದಲ್ಲಿ, ಅಂದರೆ ಆಟದೊಳಗೆ ನೀವೇ ಬರೆದಿಡುವ ಪುಟ್ಟ ಆಜ್ಞೆಯಲ್ಲಿ, ಟಾರ್ಗೆಟ್ ಜಾಗಕ್ಕೆ ಎಂ-ಓ (<mo>) ಅಂತ ಹಾಕಿದರೆ, ಪಾಯಿಂಟರ್ ಯಾರ ಹೆಸರಿನ ಮೇಲಿದೆಯೋ ಅವರಿಗೇ ಹೀಲ್ ಹೋಗುತ್ತದೆ. ಕ್ಲಿಕ್ ಮಾಡಿ ಆರಿಸುವ ಕೆಲಸ ಇಲ್ಲ. ಮದುವೆ ಪಂಕ್ತಿಯಲ್ಲಿ ಎಲೆ ನೋಡಿಕೊಂಡು ಬಡಿಸುತ್ತಾ ಹೋದ ಹಾಗೆ, ಪಾರ್ಟಿ ಲಿಸ್ಟಿನ, ಅಂದರೆ ತಂಡದವರ ಹೆಸರಿನ ಪಟ್ಟಿಯ, ಮೇಲೆ ಪಾಯಿಂಟರ್ ಓಡಿಸುತ್ತಾ ಹೆಬ್ಬೆರಳಿನಲ್ಲಿ ಒತ್ತುತ್ತಾ ಹೋಗುವುದು. ಎಡಗೈ ಪಾಡಿಗೆ ಎಡಗೈ ಓಡುತ್ತಿರುತ್ತದೆ.

ಆದರೆ ಇಲ್ಲೇ ಒಂದು ಸಮಸ್ಯೆ ಇದೆ. ಯಾವ ರಿವ್ಯೂ ವಿಡಿಯೋದಲ್ಲೂ ಇದನ್ನು ಸರಿಯಾಗಿ ತೋರಿಸುವುದಿಲ್ಲ. 12 ಬಟನ್ ಮೂರರಂತೆ ನಾಲ್ಕು ಸಾಲಿನಲ್ಲಿ ಇರುತ್ತವೆ. ನಡುವಿನ ಎರಡು ಸಾಲು ಹೆಬ್ಬೆರಳು ಸುಮ್ಮನೆ ಕೂರುವ ಜಾಗ. ಮುಂದಿನ ಸಾಲಿಗೆ ಬೆರಳು ಚಾಚಬೇಕು, ಹಿಂದಿನದಕ್ಕೆ ಮಡಚಬೇಕು. ಕೈ ಚಿಕ್ಕದಿದ್ದರೆ ಮುಂದಿನ ಸಾಲಿಗೆ ಚಾಚುವಾಗ ಅಂಗೈಯೂ ಜೊತೆಗೇ ಮುಂದೆ ಹೋಗುತ್ತದೆ, ಮೌಸ್ ಕೂದಲೆಳೆಯಷ್ಟು ಮುಂದಕ್ಕೆ ಜರಗುತ್ತದೆ. ಮೌಸ್ ಮುಂದೆ ಹೋದರೆ ಪಾಯಿಂಟರ್ ಮೇಲೆ ಹೋಗುತ್ತದೆ. ಪಾರ್ಟಿ ಲಿಸ್ಟಿನಲ್ಲಿ ಹೆಸರುಗಳು ಒಂದರ ಕೆಳಗೆ ಒಂದು ಇರುತ್ತವೆ ಅಲ್ವಾ? ಮುಂದೆ ನಿಂತು ಹೊಡೆತ ತಿನ್ನುವ ಟ್ಯಾಂಕ್ ಸಾಯುತ್ತಿರುತ್ತಾನೆ, ನೀವು ಒತ್ತಿದ ಹೀಲ್ ಮೇಲಿನ ಹೆಸರಿಗೆ ಹೋಗಿರುತ್ತದೆ. ಆಟಕ್ಕೂ ಬೈಯುತ್ತೇವೆ, ಇಂಟರ್ನೆಟ್‌ಗೂ ಬೈಯುತ್ತೇವೆ, ಕಾರಣ ಮಾತ್ರ ಹೆಬ್ಬೆರಳ ಹತ್ತಿರ ಇರುತ್ತದೆ.

ಅದಕ್ಕೇ ಮೂರು ವಿಷಯ ಕೈಯಲ್ಲೇ ನೋಡಬೇಕು ಅನ್ನುವುದು. ಪಕ್ಕದ ಬಟನ್ ಎಷ್ಟು ಬಿಗಿ ಇದೆ, ಉಂಗುರದ ಬೆರಳು ಕಿರುಬೆರಳು ಬಲಗಡೆಯಿಂದ ತಡೆದು ಹಿಡಿಯಲು ಜಾಗ ಇದೆಯಾ, ನಾಲ್ಕೂ ಸಾಲು ಮುಟ್ಟುವಾಗ ಅಂಗೈ ಏಳುತ್ತದಾ. ಬಟನ್ ಬಿಗಿ ಇದ್ದರೆ ಒತ್ತಿದಾಗಲೆಲ್ಲ ಮೌಸ್ ಬಲಕ್ಕೆ ಸರಿಯುತ್ತದೆ. ತೀರಾ ಸಡಿಲ ಇದ್ದರೆ ಮೌಸ್ ಎತ್ತಿಡುವಾಗಲೇ ಒಂದೆರಡು ಸ್ಪೆಲ್ ಹೊರಟಿರುತ್ತವೆ. ಈ ಜಾತಿಯ ಮೌಸ್‌ಗೆ ಸ್ವಲ್ಪ ತೂಕ ಇದ್ದರೆ ಒಳ್ಳೆಯದೇ. ಶೂಟರ್ ಆಡುವವರು 60 ಗ್ರಾಂ ಅಂತ ಕುಣಿಯುತ್ತಾರೆ, ನಮಗೆ ಅದು ಬೇಡ. ಹೆಬ್ಬೆರಳು ತಳ್ಳಿದರೂ ಜಗ್ಗದೆ ಕೂತಿರಬೇಕು.

ಇನ್ನು ಮಾಡೆಲ್. ನಾಗಾ ಎಕ್ಸ್ 85 ಗ್ರಾಂ, ಈ ಜಾತಿಯಲ್ಲಿ ಹಗುರ, ಹಾಗಾಗಿ ಜಗ್ಗದೆ ಕೂರುತ್ತದಾ ನೋಡಬೇಕು. ಆಫರ್ ಇದ್ದಾಗ ನಿಮ್ಮ ಬಜೆಟ್ಟಿನ ಹತ್ತಿರ ಬಂದರೆ ಮೊದಲು ಅದನ್ನೇ ಹಿಡಿದು ನೋಡಿ. ಸಿಮಿಟಾರ್‌ನ ವಿಶೇಷ ಏನೆಂದರೆ 12 ಬಟನ್ನಿನ ಆ ಇಡೀ ಪಟ್ಟಿಯನ್ನೇ 8 ಮಿಲಿಮೀಟರ್‌ವರೆಗೆ ಹಿಂದೆ ಮುಂದೆ ಸರಿಸಿ ಬಿಗಿ ಮಾಡಬಹುದು. ಚಿಕ್ಕ ಕೈಗೆ ಹೇಳಿ ಮಾಡಿಸಿದ ಹಾಗಿದೆ, ಆದರೆ ಮೌಸ್ ದಪ್ಪ, 120 ಗ್ರಾಂ ಆಸುಪಾಸು, ಬೆಲೆಯೂ ನಿಮ್ಮ ಲೆಕ್ಕ ದಾಟಬಹುದು. ಜಿ600 ನನಗೆ ತುಂಬಾ ಇಷ್ಟದ ಮೌಸ್. ಉಂಗುರದ ಬೆರಳ ಕೆಳಗೆ ಮೂರನೇ ದೊಡ್ಡ ಬಟನ್ ಇದೆ, ಅದನ್ನು ಒತ್ತಿ ಹಿಡಿದರೆ 12 ಬಟನ್ 24 ಆಗುತ್ತವೆ, ಎಡಗೈಗೆ ಶಿಫ್ಟ್ ಕೀಲಿಯ ಕೆಲಸವೇ ಇಲ್ಲ. ಆದರೆ 133 ಗ್ರಾಂ, ಅಗಲವೂ ಜಾಸ್ತಿ, ಕಂಪನಿ ನಿಲ್ಲಿಸಿದೆ. ಚಿಕ್ಕ ಕೈಯವರು ಹಳೆಯದನ್ನು ಹುಡುಕಿಕೊಂಡು ಹೋಗುವಷ್ಟು ಬೇಡ. ರೆಡ್ರಾಗನ್ ಎಂ908 ಈ ಎಲ್ಲಕ್ಕಿಂತ ಅಗ್ಗ, ಒಳಗೆ ಪುಟ್ಟ ತೂಕದ ತುಂಡುಗಳಿರುತ್ತವೆ, ಬೇಕಾದಷ್ಟು ಇಟ್ಟು ಉಳಿದದ್ದು ತೆಗೆಯಬಹುದು. 12 ಬಟನ್ ನಿಮಗೆ ಒಗ್ಗುತ್ತದಾ ಅಂತ ನೋಡುವುದಕ್ಕೆ ಕೆಟ್ಟ ಆಯ್ಕೆ ಏನಲ್ಲ.

ಸ್ಟೀಲ್‌ಸೀರೀಸ್ ಏರಾಕ್ಸ್ 9 ಹೇಗೆ ಅಂತ ಮೇಲೆ ಒಬ್ಬರು ಕೇಳಿದ್ದಾರೆ. 89 ಗ್ರಾಂ, ವೈರ್‌ಲೆಸ್, ಮೈಯೆಲ್ಲ ತೂತು. ಒಳಗಿನ ಬೋರ್ಡಿಗೆ ಧೂಳು ನೀರಿನಿಂದ ರಕ್ಷಣೆ ಇದೆ ಅನ್ನುವುದು ನಿಜ, ಐಪಿ54 ರೇಟಿಂಗ್ ಇದೆ. ಆದರೂ ವರ್ಷಕ್ಕೆ ಮೂರು ಸಲ ರಸ್ತೆ ಅಗೆಯುವ ನಮ್ಮ ಊರಿನಲ್ಲಿ ಆ ತೂತುಗಳನ್ನು ಬ್ರಷ್ ಹಿಡಿದು ಕ್ಲೀನ್ ಮಾಡುತ್ತಾ ಕೂರುವವರು ಯಾರು? ಎಡಗೈಯವರಿಗೆ ನಾಗಾದ ಎಡಗೈ ಆವೃತ್ತಿ 2020ರಲ್ಲಿ ಮತ್ತೆ ಬಂತು, ಬೇಕಾದವರು ಅದನ್ನು ಹುಡುಕಿ.

ಸದ್ದಿನ ವಿಷಯ. ಪಕ್ಕದ ಬಟನ್‌ಗಳು ಟಿಕ್ ಟಿಕ್ ಅನ್ನುತ್ತವೆ, ಈ ಜಾತಿಯಲ್ಲಿ ಸದ್ದಿಲ್ಲದ್ದು ಸಿಗುವುದು ಅಪರೂಪ. ಆದರೆ ಬಾಗಿಲು ಹಾಕಿದರೆ ಆ ಸದ್ದು ಪಕ್ಕದ ರೂಮಿಗೆ ಹೋಗುವುದಿಲ್ಲ. ಹೋಗುವುದಿದ್ದರೆ ನಿಮ್ಮ ಕೀಬೋರ್ಡಿನದ್ದು.

ಕೊಳ್ಳಲು ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋಗಿ. ವಿಜಯನಗರದಿಂದ ನೇರಳೆ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದು ನಡೆದುಬಿಡಿ. ಗಾಡಿ ತಗೊಂಡು ಹೋದರೆ ನಿಲ್ಲಿಸುವುದಕ್ಕೇ ಅರ್ಧ ದಿನ ಬೇಕು. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ಶನಿವಾರ ಬೆಳಗ್ಗೆ ಒಳ್ಳೆಯದು. "ಸೀಲ್ ಒಡೆದರೆ ತಗೊಳ್ಳಲೇಬೇಕು" ಅನ್ನುವ ಅಂಗಡಿಯನ್ನು ದಾಟಿ ಮುಂದೆ ಹೋಗಿ. ಡಿಸ್‌ಪ್ಲೇ ಪೀಸ್ ಇಟ್ಟವರು ಸಿಕ್ಕೇ ಸಿಗುತ್ತಾರೆ.

ಅಂಗಡಿಯ ಕಂಪ್ಯೂಟರಿಗೆ ಚುಚ್ಚಿ ನೋಟ್‌ಪ್ಯಾಡ್ ತೆರೆಯಿರಿ. ಇಂಥ ಮೌಸ್‌ಗಳಲ್ಲಿ ಹೆಚ್ಚಿನವು ಡಬ್ಬದಿಂದ ತೆಗೆದ ಕೂಡಲೇ ಪಕ್ಕದ ಬಟನ್ನಿನಿಂದ ಅಂಕಿಯನ್ನೇ ಕಳಿಸುತ್ತವೆ. ಪರದೆ ನೋಡದೆ, ಮೌಸನ್ನೂ ನೋಡದೆ 1ರಿಂದ ಈಕ್ವಲ್‌ವರೆಗೆ ನಿಧಾನವಾಗಿ ಒಂದೊಂದೇ ಒತ್ತಿ. ಆಮೇಲೆ ಪರದೆ ನೋಡಿ. 5 ಒತ್ತಿದ್ದೇನೆ ಅಂದುಕೊಂಡಿದ್ದು 8 ಆಗಿದ್ದರೆ ಬಟನ್‌ಗಳ ನಡುವಿನ ಉಬ್ಬು ತಗ್ಗು ನಿಮ್ಮ ಬೆರಳಿಗೆ ತಿಳಿಯುತ್ತಿಲ್ಲ. ಒಂದು ಸಲ ಒತ್ತಿದ್ದಕ್ಕೆ 77 ಅಂತ ಬಿದ್ದಿದ್ದರೆ ಸ್ವಿಚ್ಚೇ ಸರಿ ಇಲ್ಲ, ಆ ಪೀಸ್ ಬೇಡ. ಆಮೇಲೆ ಬಲ ಬಟನ್ ಒತ್ತಿ ಹಿಡಿದು, ಬಿಡದೆಯೇ ನಾಲ್ಕೂ ಸಾಲು ಮುಟ್ಟಿ ನೋಡಿ. ಆಟದಲ್ಲಿ ಕ್ಯಾಮೆರಾ ತಿರುಗಿಸಲು ಬಲ ಬಟನ್ ಸದಾ ಒತ್ತೇ ಇರುತ್ತದೆ, ಆಗ ಕೈ ಕೂರುವ ರೀತಿಯೇ ಬೇರೆ. ಹಳೆಯ ಮೌಸ್ ಆದರೆ ಒಂದು ಫೈಲನ್ನು ಎಳೆದು ಪರದೆ ತುಂಬ ಸುತ್ತಿಸಿ. ನಡುವೆ ಕೈಜಾರಿ ಬಿದ್ದರೆ ಸ್ವಿಚ್ ಸವೆದಿದೆ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಬಿಲ್ ಇಲ್ಲದೆ ಐನೂರು ಕಮ್ಮಿ ಅಂದರೆ ವಾರಂಟಿಯೂ ಇಲ್ಲ ಅಂತಲೇ ಅರ್ಥ.

ಮನೆಗೆ ತಂದ ಮೇಲೆ ಮೊದಲ ವಾರವೇ 12ಕ್ಕೂ ಸ್ಪೆಲ್ ತುಂಬಬೇಡಿ. ನಡುವಿನ ಆರಕ್ಕೆ ಮಾತ್ರ ಹಾಕಿ, ಪದೇ ಪದೇ ಒತ್ತುವಂಥವು. ಕ್ಯೂರ್ 2, ರೀಜೆನ್, ಎಸುನಾ ಇಂಥವು. ಬೆರಳಿಗೆ ಅಭ್ಯಾಸ ಆದ ಮೇಲೆ ಹಿಂದಿನ ಸಾಲು, ಕೊನೆಗೆ ಮುಂದಿನದು. ಬೆನೆಡಿಕ್ಷನ್ ಥರ ಯಾವಾಗಲೋ ಒಮ್ಮೆ ಬೇಕಾಗುವಂಥದ್ದು ಮುಂದಿನ ಸಾಲಿನಲ್ಲಿರಲಿ, ತಪ್ಪಿ ಒತ್ತಿ ಹೋಗುವ ಭಯ ಇಲ್ಲ. ಶಿಫ್ಟ್ ಜೊತೆಗೆ ಎರಡನೇ ಬಾರ್, ಕಂಟ್ರೋಲ್ ಜೊತೆಗೆ ಮೂರನೆಯದು. ಅಲ್ಲಿಗೆ 36 ಜಾಗ ಆಯಿತು. ಬೆರಳಿಗೆ ಗುರುತು ಸಿಗದಿದ್ದರೆ ನಡುವಿನ ಒಂದು ಬಟನ್ ಮೇಲೆ ಉಗುರು ಬಣ್ಣದ ಒಂದು ದಪ್ಪ ಹನಿ ಇಟ್ಟು ಒಣಗಿಸಿ, ಸಾಕು. ಪಕ್ಕದ ಬಟನ್‌ಗಳನ್ನು ನಂಪ್ಯಾಡ್, ಅಂದರೆ ಕೀಬೋರ್ಡಿನ ಬಲತುದಿಯ ಅಂಕಿಗಳಿಗೆ ಬದಲಾಯಿಸಿ ಅಂತ ಯಾರಾದರೂ ಹೇಳಿದರೆ ಯೋಚಿಸಿ ಮಾಡಿ. ನಿಮ್ಮ ಆಟ ಮೆನುವಿನಲ್ಲಿ ಓಡಾಡುವುದಕ್ಕೆ ಆ ಕೀಲಿಗಳನ್ನು ಮೊದಲೇ ಇಟ್ಟುಕೊಂಡಿರುತ್ತದೆ.

ಇದೇ ಮೌಸ್ ಹಗಲು ಆಫೀಸ್ ಕೆಲಸಕ್ಕೂ ಬಳಸುತ್ತೀರಿ ಅಂದರೆ ಅಂಕಿ ಇಲ್ಲದ ಇನ್ನೊಂದು ಪ್ರೊಫೈಲ್ ಮಾಡಿಡಿ. ಇಲ್ಲದಿದ್ದರೆ ಎಕ್ಸೆಲ್ ಶೀಟಿನಲ್ಲಿ ಎಲ್ಲೋ ಒಂದು 9 ಸೇರಿಕೊಂಡು ತಿಂಗಳ ಲೆಕ್ಕವೇ ಎಡವಟ್ಟಾಗುತ್ತದೆ. ಆಫೀಸ್ ಲ್ಯಾಪ್‌ಟಾಪಿನಲ್ಲಿ ಸಾಫ್ಟ್‌ವೇರ್ ಹಾಕಲು ಬಿಡುವುದಿಲ್ಲ ಅಲ್ವಾ, ಅದಕ್ಕೇ ಪ್ರೊಫೈಲ್ ಮೌಸಿನ ಮೆಮೊರಿಯಲ್ಲೇ ಉಳಿಯುತ್ತದಾ ಅಂತ ಕೇಳಿ ತಗೊಳ್ಳಿ. ಜಿ600ರಲ್ಲಿ ಮೂರು ಪ್ರೊಫೈಲ್ ಒಳಗೇ ಕೂರುತ್ತಿದ್ದವು. ಲಿನಕ್ಸ್‌ನಲ್ಲಿ ಆಡುವವರಿಗೆ ಪೈಪರ್ ಅನ್ನುವ ಸಾಫ್ಟ್‌ವೇರ್ ಇದೆ, ಆದರೆ ಎಲ್ಲ ಮೌಸ್‌ಗೂ ನಡೆಯುವುದಿಲ್ಲ, ಮಾಡೆಲ್ ಪಟ್ಟಿ ನೋಡಿಕೊಂಡೇ ದುಡ್ಡು ಕೊಡಿ.

ಮ್ಯಾಕ್ರೋ ಬಗ್ಗೆ ಒಂದೇ ಮಾತು. ಒಂದು ಒತ್ತಿಗೆ ಒಂದು ಕೆಲಸ, ಅಲ್ಲಿಗೆ ನಿಲ್ಲಿಸಿ. ಆಟದೊಳಗಿನ ಮ್ಯಾಕ್ರೋ ಬೇರೆ, ಮೌಸ್ ಸಾಫ್ಟ್‌ವೇರಿನಲ್ಲಿ ಹತ್ತು ಸ್ಪೆಲ್ ತಾನಾಗಿ ಹೋಗುವ ಹಾಗೆ ಕಟ್ಟುವುದು ಬೇರೆ. ಎರಡನೆಯದಕ್ಕೆ ಅಕೌಂಟ್ ಹೋಗಬಹುದು.

ದಿನಾ ಮೂರು ನಾಲ್ಕು ಗಂಟೆ ಆಡುವವರು ಹೆಬ್ಬೆರಳಿನ ಬುಡ, ಮಣಿಕಟ್ಟಿನ ಆ ಪಕ್ಕ ನೋಯುತ್ತಿದೆಯಾ ಗಮನಿಸಿ. ನೋವು ಶುರುವಾದರೆ ಒಂದಷ್ಟು ಸ್ಪೆಲ್ ವಾಪಸ್ ಎಡಗೈಗೆ ಕೊಡಿ, ಕ್ಯೂ, ಇ, ಆರ್, ಎಫ್ ಇವೆಯಲ್ಲ. ಬಿಡದೆ ಕಾಡಿದರೆ ಡಾಕ್ಟರಿಗೆ ತೋರಿಸಿ, ಮೌಸ್ ಬದಲಾಯಿಸುತ್ತಾ ಕೂರಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಕೇಳಬೇಕು: ಮನೆಯಲ್ಲಿ ಪ್ಲೇಸ್ಟೇಷನ್ನಿನ ಕಂಟ್ರೋಲರ್ ಇದೆಯಾ? ಇದ್ದರೆ ಮೊದಲು ಅದನ್ನು ಚುಚ್ಚಿ ಒಂದು ವಾರ ಆಡಿ. ಈ ಆಟದ ಕ್ರಾಸ್ ಹಾಟ್‌ಬಾರ್ ಒಂದು ಸೆಟ್‌ಗೆ 16 ಸ್ಪೆಲ್ ಕೊಡುತ್ತದೆ, ಕಂಟ್ರೋಲರ್‌ಗೆಂದೇ ಮಾಡಿದ್ದು. ಅದು ಕೈಗೆ ಹಿಡಿಸಿದರೆ 4 ಸಾವಿರ ಉಳಿಯಿತು, ರೌಟರ್‌ಗೆ ಒಂದು ಚಿಕ್ಕ ಯುಪಿಎಸ್ ತಗೊಳ್ಳಿ. ಮಳೆ ಶುರುವಾದರೆ ವಿಜಯನಗರದಲ್ಲಿ ಕರೆಂಟ್ ಹೇಗೆ ಅಂತ ನಿಮಗೆ ಹೇಳಬೇಕಾ! ಹಿಡಿಸಲಿಲ್ಲ ಅಂದರೆ ಶನಿವಾರ ಎಸ್‌ಪಿ ರೋಡಿಗೆ ಹೋಗಿ ನಾಗಾ ಎಕ್ಸ್, ಎಂ908 ಎರಡನ್ನೂ ನೋಟ್‌ಪ್ಯಾಡಿನಲ್ಲಿ ಒತ್ತಿ ನೋಡಿ. ಯಾವುದರಲ್ಲಿ ಅಂಕಿ ಕಮ್ಮಿ ತಪ್ಪಿತು, ಅಂಗಡಿಯವರು ಬೆಲೆ ಎಷ್ಟು ಹೇಳಿದರು ಅಂತ ಇಲ್ಲೇ ಕೆಳಗೆ ಹಾಕಿ. ಅದರ ಮೇಲೆ ಎಷ್ಟಕ್ಕೆ ಇಳಿಸಬಹುದು ಅಂತ ಹೇಳುತ್ತೇನೆ.