ಅಮೆರಿಕದ ಹಳೆ ಮಸಲ್ ಕಾರುಗಳು 2005ರ ಆಸುಪಾಸಿನಲ್ಲಿ ಮತ್ತೆ ಬಂದದ್ದು ಹೇಗೆ? ಅದು ಬರೀ ನೆನಪಿನ ವ್ಯಾಪಾರವಾ?

ಬರೀ ನೆನಪಿನ ವ್ಯಾಪಾರ ಅಂದರೆ ನಾನು ಒಪ್ಪುವುದಿಲ್ಲ. ಹನ್ನೆರಡು ವರ್ಷದಿಂದ ಅಮೆರಿಕದ ಕಾರು ಉದ್ಯಮದ ತವರಾದ ಡೆಟ್ರಾಯಿಟ್ ಪಕ್ಕದ ಊರಲ್ಲಿದ್ದೇನೆ. ಮನೆಯ ಗ್ಯಾರೇಜಿನಲ್ಲಿ 2006ರ ಫೋರ್ಡ್ ಮಸ್ಟಾಂಗ್ ಜಿಟಿ ನಿಂತಿದೆ, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮಸಲ್ ಕಾರಿಗೂ ಪೋನಿ ಕಾರಿಗೂ ವ್ಯತ್ಯಾಸ ಏನು ಅಂತಲೂ ಕೇಳಿದ್ದೀರಿ. ಅದನ್ನು ಮೊದಲು ಮುಗಿಸೋಣ. ಮಧ್ಯಮ ಗಾತ್ರದ ಸಾಧಾರಣ ಕಾರಿಗೆ ದೊಡ್ಡ ವಿ8 ಎಂಜಿನ್ (ಎಂಟು ಸಿಲಿಂಡರಿನದು) ಕೂರಿಸಿದರೆ ಅದು ಮಸಲ್ ಕಾರ್. 1964ರ ಪಾಂಟಿಯಾಕ್ ಜಿಟಿಒ ಬಂದದ್ದು ಹಾಗೆ. ಟೆಂಪೆಸ್ಟ್ ಅನ್ನುವ ಸಂಸಾರಸ್ಥರ ಕಾರಿಗೆ 6.4 ಲೀಟರ್ ಎಂಜಿನ್ ಹಾಕಿದರು. ಪೋನಿ ಕಾರ್ ಅಂದರೆ ಇನ್ನೂ ಚಿಕ್ಕದು. ಉದ್ದ ಬಾನೆಟ್, ಗಿಡ್ಡ ಹಿಂಭಾಗ, ಕಡಿಮೆ ಬೆಲೆ. ಮಸ್ಟಾಂಗ್ ಗ್ರಿಲ್ ಮೇಲೆ ಓಡುವ ಕುದುರೆ ಇದೆಯಲ್ಲ, ಪೋನಿ ಅನ್ನುವ ಹೆಸರು ಅಲ್ಲಿಂದ ಬಂತು. 1964ರ ಏಪ್ರಿಲ್ 17ರಂದು ಅದು ಬಿಡುಗಡೆಯಾದಾಗ ಬೆಲೆ 2,368 ಡಾಲರ್. ಆಗಷ್ಟೇ ಕೆಲಸಕ್ಕೆ ಸೇರಿದವರೂ ಕಂತು ಕಟ್ಟಿ ತಗೊಳ್ಳಬಹುದಿತ್ತು. ಈ ಬೆಲೆಯ ಮಾತು ಮುಂದೆ ಮತ್ತೆ ಬರುತ್ತದೆ.

ಈ ಕಾರುಗಳು ಸೊರಗಿದ್ದಕ್ಕೆ ಕಾರಣ ಒಂದೇ ಅಲ್ಲ. ಹುಡುಗರ ಕೈಯಲ್ಲಿ ಇಷ್ಟು ಜೋರಿನ ಗಾಡಿ ಅಂತ ವಿಮೆ ಕಂಪನಿಗಳು ಪ್ರೀಮಿಯಂ ಏರಿಸಿದವು. 1970ರ ಶುದ್ಧ ಗಾಳಿ ಕಾನೂನು ಹೊಗೆಗೆ ಮಿತಿ ಹಾಕಿತು. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಬಂಕ್‌ಗಳ ಮುಂದೆ ಕ್ಯೂ ಬೆಳೆಯಿತು. 1974ರ ಮಸ್ಟಾಂಗ್‌ಗೆ ವಿ8 ಎಂಜಿನ್ನೇ ಇರಲಿಲ್ಲ! ಅದೇ ವರ್ಷ ಡಾಡ್ಜ್ ಚಾಲೆಂಜರ್ ನಿಂತಿತು. ಶೆವರ್ಲೆ ಕಮಾರೊ ಹೇಗೋ 2002ರವರೆಗೆ ಎಳೆಯಿತು. ಆಮೇಲೆ ಕಣದಲ್ಲಿ ಉಳಿದದ್ದು ಮಸ್ಟಾಂಗ್ ಒಂದೇ.

ಈಗ ನಿಮ್ಮ ಪ್ರಶ್ನೆಗೆ ಬರೋಣ. 2004ರಲ್ಲಿ ಪಾಂಟಿಯಾಕ್‌ನ ಒಡೆಯ ಜನರಲ್ ಮೋಟಾರ್ಸ್ ಜಿಟಿಒ ಹೆಸರನ್ನು ವಾಪಸ್ ತಂದಿತು. ಅದು ಆಸ್ಟ್ರೇಲಿಯಾದ ಹೋಲ್ಡನ್ ಮೊನಾರೊ ಕಾರು, ಹೆಸರು ಮಾತ್ರ ಪಾಂಟಿಯಾಕ್. 350 ಹಾರ್ಸ್‌ಪವರ್, ಓಡಿಸಲು ತುಂಬಾ ಒಳ್ಳೆಯ ಗಾಡಿ. ಆದರೆ ಎದುರಿಗೆ ಬಂದರೆ ಇದು ಜಿಟಿಒ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. 2006ಕ್ಕೆ ಮುಗಿದುಹೋಯಿತು. ಅದೇ ಹೊತ್ತಿಗೆ 2005ರ ಮಸ್ಟಾಂಗ್ ಬಂತು. ಒಳಕ್ಕೆ ಕೂತ ದುಂಡು ಹೆಡ್‌ಲೈಟ್, ಮುಂದಕ್ಕೆ ಬಾಗಿದ ಮೂಗು, ಹಿಂದೆ ಮೂರು ಮೂರು ಉದ್ದ ಪಟ್ಟಿಯ ಕೆಂಪು ದೀಪ. ನೂರು ಮೀಟರ್ ದೂರದಿಂದಲೇ ಗುರುತು ಹತ್ತುತ್ತದೆ. ಹೀಗಾಗಿ ಚಹರೆಗೆ ಬೆಲೆ ಇದೆ ಅನ್ನುವುದು ನಿಜ.

ಆ ಕಾರಿನ ಮುಖ್ಯ ಎಂಜಿನಿಯರ್ ಹಾವ್ ಥಾಯ್-ಟ್ಯಾಂಗ್ ಹುಟ್ಟಿದ್ದು ವಿಯೆಟ್ನಾಂನ ಸೈಗಾನ್‌ನಲ್ಲಿ. ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರಿಗೆ ತೋರಿಸಲು ತಂದಿದ್ದ ಒಂದು ಮಸ್ಟಾಂಗನ್ನು ಅವರು ಚಿಕ್ಕ ಹುಡುಗನಾಗಿ ನೋಡಿದ್ದರು. 1975ರಲ್ಲಿ ಕುಟುಂಬದ ಜೊತೆ ಅಮೆರಿಕಕ್ಕೆ ಬಂದರು. ಮೂವತ್ತು ವರ್ಷ ಕಳೆದ ಮೇಲೆ ಅದೇ ಕಾರನ್ನು ಮತ್ತೆ ಕಟ್ಟಿದ ತಂಡದ ಮುಂದೆ ನಿಂತರು. ಹೊರಗಿನಿಂದ ಬಂದವನಾಗಿ ನನಗೆ ಈ ಕಥೆ ಅಂದರೆ ತುಂಬಾ ಇಷ್ಟ.

ಆದರೆ ಚಹರೆ ನೋಡಿ ಶೋರೂಮಿಗೆ ಬಂದವರು ದುಡ್ಡು ಕೊಟ್ಟದ್ದು ಒಳಗಿನ ಯಂತ್ರಕ್ಕೆ. ಇದು ನನಗೆ ಅರ್ಥವಾದದ್ದು ಇಲ್ಲಿನ ವುಡ್‌ವರ್ಡ್ ರಸ್ತೆಯಲ್ಲಿ. ಪ್ರತಿ ವರ್ಷ ಆಗಸ್ಟ್ ತಿಂಗಳ ಮೂರನೇ ಶನಿವಾರ ಅಲ್ಲಿ ಡ್ರೀಮ್ ಕ್ರೂಸ್ ನಡೆಯುತ್ತದೆ, 1995ರಿಂದ. ಕಾರುಗಳ ಜಾತ್ರೆ ಅಂದುಕೊಳ್ಳಿ. ಒಮ್ಮೆ ನಮ್ಮ ಎದುರು ಮನೆಯ ಹಿರಿಯರು ಅವರ 1969ರ ಕಮಾರೊ ತಂದು ನನ್ನ ಕಾರಿನ ಪಕ್ಕ ನಿಲ್ಲಿಸಿದ್ದರು. ಸಂಜೆ ಹೊರಡುವಾಗ ಅವರು ಪೆಡಲನ್ನು ಎರಡು ಸಲ ಒತ್ತಿದರು, ಒಂದು ಕ್ಷಣ ತಡೆದರು, ಆಮೇಲೆ ಕೀಲಿ ತಿರುಗಿಸಿದರು. ಕೆಮ್ಮಿತು. ಮತ್ತೆ ತಿರುಗಿಸಿದರು. ಹತ್ತಿಕೊಂಡಾಗ ಎದೆ ಗುದ್ದಿದ ಹಾಗಾಯಿತು. ಹಿಂದೆಯೇ ಅರೆ ಸುಟ್ಟ ಪೆಟ್ರೋಲಿನ ವಾಸನೆ, ಕಣ್ಣೆಲ್ಲ ಉರಿ. ಪೆಟ್ರೋಲಿಗೆ ಗಾಳಿ ಬೆರೆಸುವ ಹಳೆ ಕಾರ್ಬ್ಯುರೇಟರ್ ಹೀಗೇ, ಚಳಿಗೊಂದು ಗುಣ ಬಿಸಿಲಿಗೊಂದು ಗುಣ. ನಾನು ಕೀಲಿ ತಿರುಗಿಸಿದೆ. ಅದೇ ಗುಡುಗುಡು, ಮೊದಲ ಸಲಕ್ಕೇ. ವಾಸನೆ ಇಲ್ಲ, ಕೆಮ್ಮು ಇಲ್ಲ. ಎಷ್ಟು ಇಂಧನ, ಯಾವಾಗ ಕಿಡಿ ಅನ್ನುವುದನ್ನೆಲ್ಲ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. 1970ರ ದಶಕದಲ್ಲಿ ಹೊಗೆ ಕಾನೂನಿನ ಮುಂದೆ ಸೋತ ಎಂಜಿನ್‌ಗೆ ಉಸಿರು ಕೊಟ್ಟದ್ದು ಇದೇ. ಡಾಡ್ಜ್‌ನವರ 5.7 ಲೀಟರ್ ಹೆಮಿ ಎಂಜಿನ್ ಇನ್ನೂ ಒಂದು ಹೆಜ್ಜೆ ಮುಂದೆ. ಹೈವೇಯಲ್ಲಿ ಹದವಾಗಿ ಹೋಗುವಾಗ ಎಂಟು ಸಿಲಿಂಡರಿನಲ್ಲಿ ನಾಲ್ಕು ಸುಮ್ನೆ ಮಲಗುತ್ತವೆ.

ಇದಕ್ಕೆಲ್ಲ ಬೆಲೆ ಎಷ್ಟಿತ್ತು ಗೊತ್ತಾ? 2005ರ ಮಸ್ಟಾಂಗ್ ಜಿಟಿ, 300 ಹಾರ್ಸ್‌ಪವರ್ ವಿ8, ಸುಮಾರು 25,000 ಡಾಲರ್. ಬೆಲೆ ಹಿಡಿತದಲ್ಲಿಡಲು ಹಿಂದಿನ ಎರಡು ಚಕ್ರಕ್ಕೂ ಸೇರಿಸಿ ಹಳೆ ಕಾಲದ ಒಂದೇ ಗಟ್ಟಿ ಆಕ್ಸಲ್ ಉಳಿಸಿಕೊಂಡರು. ಒಂದು ಚಕ್ರ ಗುಂಡಿಗೆ ಇಳಿದರೆ ಇನ್ನೊಂದಕ್ಕೂ ಗೊತ್ತಾಗುತ್ತದೆ. ಅದನ್ನು ಬದಲಿಸಿದ್ದು 2015ರಲ್ಲಿ. ನನ್ನ ಪ್ರಕಾರ 2005ರಲ್ಲಿ ಮಾಡಿದ ಆಯ್ಕೆಯೇ ಸರಿ. ಫ್ಯಾಕ್ಟರಿ ನೌಕರ, ನರ್ಸ್, ಕಾಲೇಜು ಮುಗಿಸಿದ ಹುಡುಗಿ, ಇವರೆಲ್ಲ ವಾರಂಟಿ ಸಮೇತ ತಗೊಂಡು ದಿನಾ ಕೆಲಸಕ್ಕೆ ಓಡಿಸಿದರು. 1964ರಲ್ಲಿ ಕೊಟ್ಟ ಮಾತೂ ಇದೇ ಅಲ್ವಾ? ಮರುಹುಟ್ಟು ಅಂತ ನಾನು ಕರೆಯುವುದು ಇದನ್ನು.

ಉಳಿದವರು ಹಿಂದೆಯೇ ಬಂದರು. ಚಾಲೆಂಜರ್ 2008ರಲ್ಲಿ, ಕಮಾರೊ 2009ರಲ್ಲಿ. ಕಮಾರೊದ ಅಡಿಪಾಯ ಮತ್ತೆ ಆಸ್ಟ್ರೇಲಿಯಾದ್ದೇ, ಆದರೆ ಈ ಸಲ ಮುಖ 1969ರದ್ದು. 2010ರಲ್ಲಿ ಅದು ಮಸ್ಟಾಂಗ್‌ಗಿಂತ ಜಾಸ್ತಿ ಮಾರಾಟವಾಯಿತು. ಆಮೇಲೆ ಪೈಪೋಟಿ ಬೇರೆಯೇ ದಾರಿ ಹಿಡಿಯಿತು. 2015ರ ಚಾಲೆಂಜರ್ ಹೆಲ್‌ಕ್ಯಾಟ್‌ಗೆ 707 ಹಾರ್ಸ್‌ಪವರ್. ಅದಕ್ಕೆ ಎರಡು ಕೀಲಿ: ಕಪ್ಪು ಕೀಲಿಯಲ್ಲಿ 500 ಮಾತ್ರ, ಕೆಂಪು ಕೀಲಿಯಲ್ಲಿ ಪೂರ್ತಿ. 2023ರ ಚಾಲೆಂಜರ್ ಡೀಮನ್ 170ಗೆ 1,025. ಎಂಜಿನಿಯರಿಂಗ್ ದೃಷ್ಟಿಯಿಂದ ಅದ್ಭುತ, ಕೈ ಮುಗಿಯಬೇಕು. ಆದರೆ ಸಂಬಳದ ಜನರಿಂದ ಕಾರು ದೂರ ಹೋದದ್ದೂ ಇದೇ ಕಾಲದಲ್ಲಿ. ಇವತ್ತು ಹೊಸ ಮಸ್ಟಾಂಗ್ ಜಿಟಿ 40,000 ಡಾಲರ್ ದಾಟಿದೆ. (ಭಾರತದಲ್ಲಿ 2016ರಲ್ಲಿ ಬಂದಾಗ ಶೋರೂಮ್ ಬೆಲೆಯೇ 65 ಲಕ್ಷ ರೂಪಾಯಿ ಇತ್ತು. ಅಲ್ಲಿ ಅದು ಶುರುವಿನಿಂದಲೇ ಶ್ರೀಮಂತರ ಕಾರು.)

2023ರ ಡಿಸೆಂಬರ್‌ನಲ್ಲಿ ಕಮಾರೊ, ಚಾಲೆಂಜರ್ ಎರಡೂ ನಿಂತವು. ಚಾಲೆಂಜರ್ ಜಾಗಕ್ಕೆ ಡಾಡ್ಜ್ ಚಾರ್ಜರ್ ಮೊದಲು ಬ್ಯಾಟರಿ ಕಾರಾಗಿ, ಆಮೇಲೆ ಆರು ಸಿಲಿಂಡರ್ ಟರ್ಬೊ ಆಗಿ ಬಂತು. ಮಸ್ಟಾಂಗ್ ಮಾತ್ರ 5 ಲೀಟರ್ ವಿ8 ಬಿಟ್ಟಿಲ್ಲ.

ನೀವು ಆಗಸ್ಟ್‌ನಲ್ಲಿ ಈ ಕಡೆ ಬರುವುದಿದ್ದರೆ ಮಧ್ಯಾಹ್ನದ ಮೇಲೆ ವುಡ್‌ವರ್ಡ್‌ಗೆ ಬನ್ನಿ, ಮಡಚುವ ಕುರ್ಚಿ ತನ್ನಿ. ಎದುರು ಮನೆಯವರ ಕಮಾರೊ ಈಗಲೂ ಬರುತ್ತದೆ, ಈಗಲೂ ಎರಡನೇ ಸಲಕ್ಕೇ ಹತ್ತುವುದು.