ಜೆರ್ಮಾಟ್‌ಗೆ ಚಳಿಗಾಲದಲ್ಲೇ ಹೋಗಬೇಕಾ?

ಹಾಗೇನಿಲ್ಲ. ಸ್ವಿಟ್ಜರ್ಲೆಂಡಿನ ಈ ಊರು ಬರೀ ಸ್ಕೀ ಮಾಡುವವರಿಗಲ್ಲ. ಡಿಸೆಂಬರ್‌ನಿಂದ ಏಪ್ರಿಲ್ ತನಕ ಅವರದ್ದೇ ಜಾತ್ರೆ, ರೂಮಿನ ಬಾಡಿಗೆಯೂ ಜಾಸ್ತಿ.

ನನ್ನ ಓಟು ಜುಲೈನಿಂದ ಸೆಪ್ಟೆಂಬರ್‌ಗೆ. ಆಗ ಕಾಲುದಾರಿಗಳ ಹಿಮ ಕರಗಿರುತ್ತದೆ, 1898ರಲ್ಲಿ ಶುರುವಾದ ಗೋರ್ನರ್‌ಗ್ರಾಟ್ ರೈಲು ಹತ್ತಿ ಮೇಲೆ ಹೋಗಿ, ಗಾಳಿ ಇಲ್ಲದ ಬೆಳಿಗ್ಗೆ ರಿಫೆಲ್‌ಸೀ ಕೆರೆಯ ನೀರಲ್ಲಿ 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಬೆಟ್ಟದ ಪ್ರತಿಬಿಂಬ ನೋಡಿ, ಮಂಡಿ ಗಟ್ಟಿ ಇದ್ದರೆ ನಡೆದೇ ಇಳಿಯಬಹುದು. ಸ್ಕೀ ಬೇಕೇ ಬೇಕಾ? ಮೇಲಿನ ಹಿಮನದಿಯಲ್ಲಿ ಬೇಸಿಗೆಯಲ್ಲೂ ಮಾಡುತ್ತಾರೆ.

ಅಕ್ಟೋಬರ್‌ನಲ್ಲಿ ಲಾರ್ಚ್ ಮರಗಳು ಹಳದಿಯಾಗುತ್ತವೆ, ಜನ ಕಡಿಮೆ. ಮೇ ಮತ್ತು ನವೆಂಬರ್ ಬೇಡ, ಎಷ್ಟೋ ಹೋಟೆಲ್‌ಗಳು ಮುಚ್ಚಿರುತ್ತವೆ, ಸುಮ್ನೆ ದುಡ್ಡು ದಂಡ.

ಅಂದ ಹಾಗೆ, ಯಾವ ಕಾಲಕ್ಕೆ ಹೋದರೂ ಕಾರನ್ನು ಪಕ್ಕದ ಊರಾದ ಟೇಶ್‌ನಲ್ಲೇ ಬಿಟ್ಟು ರೈಲು ಹಿಡಿಯಬೇಕು, ಊರೊಳಗೆ ಪೆಟ್ರೋಲ್ ಗಾಡಿ ಬಿಡಲ್ಲ.