ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಲಾ, ಇಲ್ಲ ಮ್ಯಾಕ್ ತಗೊಳ್ಳಲಾ?

ವಿಂಡೋಸ್ 10 ಇರುವ ಲ್ಯಾಪ್‌ಟಾಪ್‌ಗೆ 11 ಹಾಕೋಕೆ ಆಗ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ವಿಂಡೋಸ್, ಲಿನಕ್ಸ್, ಮ್ಯಾಕ್ ಈ ಮೂರೂ ಓಎಸ್‌ಗಳನ್ನು (ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್) ವರ್ಷಗಟ್ಟಲೆ ಬಳಸಿದ್ದೇನೆ. ಮೊದಲು ಲಿನಕ್ಸ್ ನೋಡಿ ಅಂತಲೇ ಹೇಳ್ತೀನಿ. ಆದರೆ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಬೇಕು, ಅದನ್ನು ಕೊನೆಗೆ ಹೇಳುತ್ತೇನೆ.

ನಿಮ್ಮ ಯಂತ್ರ ಕೆಟ್ಟಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಜೊತೆಗೆ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಚೆನ್ನಾಗಿ ಓಡುತ್ತಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಇಷ್ಟಕ್ಕೇ ಹೊರಗುಳಿದಿವೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಲಿನಕ್ಸ್‌ಗೆ ಬಂದ ಮೇಲೆ ನಿಮಗೆ ಮೊದಲು ಹಿತ ಅನ್ನಿಸೋದು ಅಪ್‌ಡೇಟ್. ವಿಂಡೋಸ್‌ನಲ್ಲಿ ಒಂದು ಫೈಲ್ ಡಿಲೀಟ್ ಮಾಡಲು ಹೋದರೆ, ಬೇರೆ ಪ್ರೋಗ್ರಾಂನಲ್ಲಿ ತೆರೆದಿದೆ ಅಂತ ತಡೆಯುತ್ತದೆ, ಅಲ್ವಾ? ಸಿಸ್ಟಂ ಫೈಲುಗಳಿಗೂ ಇದೇ ಕಥೆ. ಬಳಕೆಯಲ್ಲಿರುವ ಫೈಲ್ ಬದಲಿಸೋದು ಕಷ್ಟ, ಅದಕ್ಕೇ ಮತ್ತೆ ಮತ್ತೆ ರೀಸ್ಟಾರ್ಟ್. ಲಿನಕ್ಸ್‌ನಲ್ಲಿ ಹಾಗಲ್ಲ. ಫೈಲಿನ ಹೆಸರು ಅಳಿಸಿಹೋದರೂ, ತೆರೆದಿಟ್ಟುಕೊಂಡ ಪ್ರೋಗ್ರಾಂ ಹಳೆಯದನ್ನೇ ಓದುತ್ತಿರುತ್ತದೆ. ಆ ಜಾಗಕ್ಕೆ ಹೊಸ ಫೈಲ್ ಬಂದು ಕೂರುತ್ತದೆ. ಹಾಗಾಗಿ ಹೆಚ್ಚಿನ ಅಪ್‌ಡೇಟ್‌ಗಳು ನೀವು ಕೆಲಸ ಮಾಡುತ್ತಿರುವಾಗಲೇ ಮುಗಿಯುತ್ತವೆ. ಕರ್ನಲ್, ಅಂದರೆ ಓಎಸ್‌ನ ತಿರುಳು, ಅಥವಾ ಅಂಥ ಮೂಲಭಾಗ ಬದಲಾದಾಗ ರೀಸ್ಟಾರ್ಟ್ ಮಾಡಬೇಕು.

ಹಾಗಂತ ವಿಂಡೋಸ್ ಕಳಪೆ ಅಲ್ಲ. ಹಳೇ ಪ್ರೋಗ್ರಾಂಗಳನ್ನು ಅದು ಕಾಪಾಡಿಕೊಂಡು ಬಂದಿರುವ ರೀತಿಗೆ ಸಾಟಿ ಇಲ್ಲ. ಇಪ್ಪತ್ತು ವರ್ಷದ ಹಿಂದಿನ ಸಾಫ್ಟ್‌ವೇರ್ ಕೂಡ ಎಷ್ಟೋ ಸಲ ಸುಮ್ನೆ ಓಡುತ್ತದೆ. ನೀವು ಅಂಥ ಯಾವುದನ್ನಾದರೂ ನಂಬಿಕೊಂಡಿದ್ದರೆ ಲಿನಕ್ಸ್‌ಗೆ ಬರುವ ಮುಂಚೆ ಎರಡು ಸಲ ಯೋಚಿಸಿ.

ಈಗ ಲಿನಕ್ಸ್‌ನ ಕಷ್ಟ. ಒಮ್ಮೆ ಕೆಲಸ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿದೆ. ಮೂರು ಗಂಟೆ ಬಿಟ್ಟು ತೆಗೆದರೆ ಕಾದ ಹಂಚಿನ ಹಾಗಿತ್ತು, ಬ್ಯಾಟರಿ ಪೂರ್ತಿ ಖಾಲಿ. ಅದು ಸ್ಲೀಪ್‌ಗೆ ಹೋಗಿರಲೇ ಇಲ್ಲ. ಲ್ಯಾಪ್‌ಟಾಪ್ ಮಾಡುವವರು ಸಾಮಾನ್ಯವಾಗಿ ತಮ್ಮ ಫರ್ಮ್‌ವೇರ್ (ಯಂತ್ರದೊಳಗೇ ಇರುವ ಮೂಲ ಸಾಫ್ಟ್‌ವೇರ್) ಅನ್ನು ವಿಂಡೋಸ್ ಜೊತೆಗೇ ಪರೀಕ್ಷಿಸುತ್ತಾರೆ. ಲಿನಕ್ಸ್ ಬರೆಯುವವರು ಆಮೇಲೆ ಅದಕ್ಕೆ ಹೊಂದಿಸಿಕೊಳ್ಳಬೇಕು. ಕೆಲವು ಯಂತ್ರಗಳಲ್ಲಿ ಹೊಂದುತ್ತದೆ, ಕೆಲವಲ್ಲಿ ಇಲ್ಲ.

ಮ್ಯಾಕ್‌ನ ಗಟ್ಟಿತನ ಇರೋದೇ ಇಲ್ಲಿ. ಯಂತ್ರವೂ ಓಎಸ್ಸೂ ಒಬ್ಬರದೇ, ಹಾಗಾಗಿ ಮುಚ್ಚಿದರೆ ಮಲಗುತ್ತದೆ, ತೆರೆದರೆ ಏಳುತ್ತದೆ. ಆದರೆ ಈಗಿನ ಮ್ಯಾಕ್‌ಗಳಿಗೆ ಆಮೇಲೆ ರ‍್ಯಾಮ್ ಸೇರಿಸಲು ಆಗುವುದಿಲ್ಲ. ಕೊಳ್ಳುವ ದಿನವೇ ಸಾಕಷ್ಟು ತಗೋಬೇಕು. ಇನ್ನೊಂದು, ವಿಂಡೋಸ್ ಸಾಮಾನ್ಯವಾಗಿ ಬಳಸುವ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನ ಡಿಸ್ಕನ್ನು ಮ್ಯಾಕ್ ತಾನಾಗಿ ಓದುತ್ತದೆ, ಅದಕ್ಕೆ ಬರೆಯುವುದಿಲ್ಲ. ಎಕ್ಸ್‌ಫ್ಯಾಟ್ ಅನ್ನೋ ಇನ್ನೊಂದು ಬಗೆಗೆ ಫಾರ್ಮ್ಯಾಟ್ ಮಾಡಿದ ಡಿಸ್ಕ್ ಮೂರಕ್ಕೂ ನಡೆಯುತ್ತದೆ.

ಪರೀಕ್ಷೆ ಹೀಗೆ. ಲಿನಕ್ಸ್‌ನ ಬಗೆಗಳಾದ ಉಬುಂಟು ಅಥವಾ ಮಿಂಟ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಲ್ಯಾಪ್‌ಟಾಪ್ ಶುರು (ಬೂಟ್) ಮಾಡಿ. ಇನ್‌ಸ್ಟಾಲ್ ಮಾಡಬೇಡಿ. ವೈಫೈ, ಸೌಂಡ್, ಕ್ಯಾಮೆರಾ, ಪ್ರಿಂಟರ್ ಒಂದೊಂದೇ ನೋಡಿ. ಆಮೇಲೆ ಚಾರ್ಜ್ ಎಷ್ಟಿದೆ ಅಂತ ಬರೆದಿಟ್ಟುಕೊಂಡು, ಮುಚ್ಚಳ ಮುಚ್ಚಿ ಒಂದು ಗಂಟೆ ಬಿಡಿ. ತೆರೆದಾಗ ಯಂತ್ರ ತಣ್ಣಗಿದ್ದು, ಚಾರ್ಜ್ ಹೆಚ್ಚು ಇಳಿಯದೆ ಇದ್ದರೆ, ನಿಮ್ಮ ಫೈಲುಗಳನ್ನೆಲ್ಲ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಂಡು ಧೈರ್ಯವಾಗಿ ಇನ್‌ಸ್ಟಾಲ್ ಮಾಡಿ.